ಹಿನ್ನೀರಿನ ದಡದ ಡೇರೆ

ಎರಡು ಡೇರೆಗಳು ಆಗಲೇ ಲಾರಿ ಏರಿದ್ದವು. ಮೂರನೆಯದರ ಹಗ್ಗಕ್ಕೆ ಕೈ ಹಾಕಲು ಚಿತ್ತಯ್ಯನಿಗೆ ಮನಸ್ಸು ಬರಲಿಲ್ಲ. ಒಳಗೆ ಸರ್ವಮಂಗಳ ಕೂತಿದ್ದಳು. ಹೊರಗೆ, ಬಾಗಿಲ ಬಟ್ಟೆಯಿಂದ ಒಂದು ಮಾರು ದೂರದ ಬಂಡೆಯ ಮೇಲೆ, ಅವಳ ಮಾವ ಮರುಳಸಿದ್ದಪ್ಪ ಕೊಡೆ ಊರಿಕೊಂಡು ಕೂತಿದ್ದರು. ಇಬ್ಬರ ನಡುವೆ ಇದ್ದದ್ದು ಒಂದು ಪದರ ಕ್ಯಾನ್ವಾಸು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಚಿತ್ತಯ್ಯನೇ ಬೇಕಾಗಿತ್ತು.

“ಅಮ್ಮಾರೆ, ಹೊತ್ತು ಇಳೀತಾ ಐತಂತೆ. ಲಿಂಗದ ಕರಡಿಗೆ ಕೊಟ್ರೆ ಹೊರಡಾಣ ಅಂತಾರೆ ಯಜಮಾನ್ರು.”

ಅವಳು ತಲೆಯಾಡಿಸಿದಳು. ಮಾವ ಹೇಳುವಾಗಲೇ ಅವಳಿಗೆ ಕೇಳಿಸಿತ್ತು.

ಬಿ.ದುರ್ಗದ ಅವರ ಮನೆಯಲ್ಲಿ ಮಾವ ಸೊಸೆಯ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ಏನಿದ್ದರೂ ಅತ್ತೆ ದಾಕ್ಷಾಯಣಮ್ಮನ ಮೂಲಕ. ಅತ್ತೆ ಹಿತ್ತಲಲ್ಲಿದ್ದರೆ ಮರುಳಸಿದ್ದಪ್ಪ ಕಂಬಕ್ಕೋ ಕಟ್ಟಿದ ಎಮ್ಮೆಗೋ ಹೇಳುವವರಂತೆ, ಕಾಫಿ ಆಗಿದ್ದರೆ ಕುಡಿಯಬಹುದಿತ್ತು ಅನ್ನುತ್ತಿದ್ದರು. ಗಂಡ ಪರಮೇಶ್ವರಪ್ಪ ಡೇರೆಯೊಳಗೆ ಇದನ್ನು ಆಡಿ ತೋರಿಸುತ್ತಿದ್ದ. ಲಾಟೀನಿನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಅಪ್ಪನ ದನಿಯಲ್ಲೇ ಲಾಟೀನಿಗೆ ಕಾಫಿ ಕೇಳುತ್ತಿದ್ದ. ಅವಳು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಬಟ್ಟೆಯ ಮನೆಯಲ್ಲಿ ನಗು ಒಳಗೇ ಉಳಿಯುವುದಿಲ್ಲ.

ಅವನು ಕಲ್ಲು ಹುಡುಕುವ ಇಲಾಖೆಯವನು. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಹೊಸದುರ್ಗದ ಕಡೆಯ ದಡದಲ್ಲಿ, ಕಗ್ಗಲಿ, ಕಮರ ಮರಗಳ ಕಾಡಿನೊಳಗೆ ಅವರ ಕ್ಯಾಂಪು. ಗುಡ್ಡ ಗುಡ್ಡ ಅಲೆದು ತಾಮ್ರದ ಜಾಡು ಹಿಡಿಯುವ ಕೆಲಸ. ಮದುವೆಯಾದ ಮೇಲೆ ಹೆಂಡತಿಯನ್ನು ಊರಲ್ಲಿ ಬಿಡು ಎಂದವರೇ ಎಲ್ಲ. ಅವನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದವಳು ಡೇರೆಯಲ್ಲಿ ಸಂಸಾರ ಹೂಡಿದ್ದು ಸುತ್ತಲಿನ ನೆಂಟರ ಬಾಯಿಗೆ ಬಹಳ ಕಾಲ ಆಹಾರವಾಯಿತು. ದಾಕ್ಷಾಯಣಮ್ಮ ಮಾತ್ರ ಒಮ್ಮೆ ರೊಟ್ಟಿ ಗಂಟು ಹೊತ್ತು ಬಂದು, ಡೇರೆಯನ್ನು ಒಂದು ಸುತ್ತು ಹಾಕಿ ನೋಡಿ, ಸೊಸೆಯ ಕಡೆ ತಿರುಗಿ, “ಪರವಾಗಿಲ್ಲ ಬಿಡವ್ವ. ಹಬ್ಬಕ್ಕೆ ಸುಣ್ಣ ಬಳಿಯಾ ಕಾಟ ಇಲ್ಲ. ಒಗೆದು ಒಣಗಹಾಕಿದ್ರೆ ಆತು, ಮನೆ ಹೊಸದು” ಎಂದಿದ್ದರು.

ಬೆಳಿಗ್ಗೆ ಎದ್ದರೆ ಬಾಗಿಲ ಬಟ್ಟೆ ಸರಿಸಿದ ಕೂಡಲೇ ನೀರು. ಅದರಾಚೆ ಗುಡ್ಡಗಳು. ನೀರು ಇಳಿದ ಬೇಸಿಗೆಯಲ್ಲಿ, ಎಂದೋ ಮುಳುಗಿದ ಜಾಲಿ ಮರಗಳ ಕಪ್ಪು ತುದಿಗಳು ಅಲ್ಲಲ್ಲಿ ಕಾಣುತ್ತಿದ್ದವು. ಸಂಜೆ ನವಿಲುಗಳು ಕೂಗಿ ಸುಮ್ಮನಾದ ಮೇಲೆ ಚಿತ್ತಯ್ಯ ಕರಡಿಯ ಭಯಕ್ಕೆ ಬೆಂಕಿ ಹಾಕುತ್ತಿದ್ದ. ಅವನು ಹತ್ತಿರದ ಹಟ್ಟಿಯವನು. ಕುರಿ ತಮ್ಮನಿಗೆ ಬಿಟ್ಟು ಇಲಾಖೆಯ ಖಲಾಸಿಯಾಗಿದ್ದ. ಬೆಂಕಿಯ ಸುತ್ತ ಕೂತು ಗಂಡಸರು ಮಾತಾಡುವುದು ಅವಳಿಗೆ ಒಳಗೆ ಮಲಗಿದ್ದಲ್ಲೇ ಕೇಳುತ್ತಿತ್ತು. ಸಂಸಾರದ ಮನೆ ಎಂದರೆ ಅವಳಿಗೆ ಇದೇ. ಗಂಡನ ಜೊತೆ ಬೇರೆ ಮನೆ ಅವಳು ಹೂಡಿರಲಿಲ್ಲ.

ಪರಮೇಶ್ವರಪ್ಪ ದಿನಾ ಬೆಳಿಗ್ಗೆ ಈಜಲು ಹೋಗುತ್ತಿದ್ದ. ಒಂದು ದಿನ ಬರಲಿಲ್ಲ. ಬಂಡೆಯ ಮೇಲೆ ಅವನ ಲುಂಗಿ, ಟವೆಲು, ಸೋಪಿನ ಡಬ್ಬಿ ಇದ್ದವು. ತೆಪ್ಪದವರು ಬಲೆ ಬೀಸಿದರು, ಗಾಳ ಬಿಟ್ಟು ಎಳೆದರು. ಆಳದಲ್ಲಿ ಮರಗಳಿವೆ, ಕೊಂಬೆಗೆ ಸಿಕ್ಕಿಕೊಂಡಿದ್ದರೆ ನೀರೇ ಬಿಟ್ಟುಕೊಡಬೇಕು ಎಂದರು. ನೀರು ಬಿಟ್ಟುಕೊಡಲಿಲ್ಲ.

ಆಮೇಲೆ ಹೊಸದುರ್ಗದಿಂದ ಜನ ಬಂದು ಹೋದರು. ದುಃಖ ಹಂಚಿಕೊಳ್ಳಲು ಬಂದವರು ಅವಳ ಹಣೆ ನೋಡಿ ತಡವರಿಸುತ್ತಿದ್ದರು. ಕುಂಕುಮ ಇತ್ತು. ಕೈತುಂಬ ಹಸಿರು ಬಳೆ ಇದ್ದವು. ಅಳಬೇಕೋ ಧೈರ್ಯ ಹೇಳಬೇಕೋ ಯಾರಿಗೂ ತಿಳಿಯುತ್ತಿರಲಿಲ್ಲ. ಚಿತ್ತಯ್ಯನ ಹೆಂಡತಿ ಕೆಂಚಕ್ಕ ಹಾಲು ತರುತ್ತಿದ್ದಳು. ಮೊದಲೆಲ್ಲ ಹಾಲಿನ ಜೊತೆ ಒಂದು ತುಂಡು ಕನಕಾಂಬರ ಇರುತ್ತಿತ್ತು. ಈಗ ಅವಳು ಹೂವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದು, ಕೊಡದೆ, ಹಾಗೇ ವಾಪಸು ಒಯ್ಯುತ್ತಿದ್ದಳು. ಸರ್ವಮಂಗಳ ಅದನ್ನು ನೋಡುತ್ತಿದ್ದಳು. ಕೇಳಲೂ ಇಲ್ಲ, ಅಳಲೂ ಇಲ್ಲ. ಅನ್ನ ಇಟ್ಟರೆ ತಿನ್ನುತ್ತಿದ್ದಳು. ಮಲಗು ಎಂದರೆ ಮಲಗುತ್ತಿದ್ದಳು. ಡೇರೆ ಬಿಟ್ಟು ಬಾ ಎಂದರೆ ಮಾತ್ರ ಏಳುತ್ತಿರಲಿಲ್ಲ.

ಇಲಾಖೆ ಕಾಯುವಷ್ಟು ಕಾಯಿತು. ಈಗ ಕ್ಯಾಂಪು ಧರ್ಮಪುರದ ಕಡೆ ಹೋಗಬೇಕಿತ್ತು. ಮರುಳಸಿದ್ದಪ್ಪ ಇಂದು ಬೆಳಿಗ್ಗೆಯ ಬಸ್ಸಿಗೆ ಬಂದಿಳಿದವರು, ಹೊಲದಲ್ಲಿ ತಮ್ಮ ತಂದೆಯ ಸಮಾಧಿಯ ಪಕ್ಕ ಗುಂಡಿ ತೋಡಿಸಿಯೇ ಬಂದಿದ್ದರು. ದೇಹ ಸಿಗದಿದ್ದರೆ ಅವನ ಲಿಂಗವನ್ನೇ ಇಟ್ಟು ಮಣ್ಣು ಮಾಡಿ ಎಂದು ಮಠದ ಅಯ್ಯನವರು ಹೇಳಿದ್ದರಂತೆ. ನಾಳೆಯೇ ಆಗಬೇಕಂತೆ. ಲಾರಿ ಇಬ್ಬರನ್ನೂ ಹೊಸದುರ್ಗದಲ್ಲಿ ಬಸ್ಸಿಗೆ ಬಿಟ್ಟು ಮುಂದೆ ಹೋಗುವುದೆಂದು ಮಾತಾಗಿತ್ತು.

ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಅವರಲ್ಲಿ ಮಣ್ಣಿಗೆ ಹೋಗುವ ತನಕ ಮೈ ಬಿಡುವುದಿಲ್ಲ. ಸತ್ತವರನ್ನು ಗುಂಡಿಯಲ್ಲಿ ಕೂರಿಸಿ, ಎಡಗೈಯ ಅಂಗೈಯಲ್ಲಿ ಅದೇ ಲಿಂಗ ಇಟ್ಟು, ವಿಭೂತಿ ತುಂಬಿ ಮುಚ್ಚುತ್ತಾರೆ. ಪರಮೇಶ್ವರಪ್ಪನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಡೇರೆಯ ನಡುಗಂಬದ ಮೊಳೆಗೆ ನೇತಾಡುತ್ತಿತ್ತು. ಅವನು ತೂಗುಹಾಕಿ ಹೋದ ಜಾಗದಿಂದ ಅವಳು ಅದನ್ನು ಕದಲಿಸಿರಲಿಲ್ಲ. ಅದು ಕೆಳಗಿಳಿದರೆ ಅವನು ಸತ್ತ ಹಾಗೆ. ಅಲ್ಲಿಯ ತನಕ ಅವನು ಈಜಲು ಹೋಗಿದ್ದಾನೆ.

“ಚಿತ್ತಯ್ಯ,” ಅವಳು ಒಳಗಿನಿಂದಲೇ ಹೇಳಿದಳು. “ಮುಂದೆ ಅವರು ನೀರಿಂದ ಮೇಲೆ ಬಂದರೆ ಕೈಯಲ್ಲಿ ಏನಿಡ್ತೀರಿ ಅಂತ ಕೇಳು.”

ಚಿತ್ತಯ್ಯ ಬಾಗಿಲಲ್ಲೇ ನಿಂತ. ಇದನ್ನು ಹೊತ್ತೊಯ್ಯುವ ಧೈರ್ಯ ಅವನಿಗೆ ಇರಲಿಲ್ಲ, ಹೊತ್ತೊಯ್ಯಬೇಕಾಗಿಯೂ ಇರಲಿಲ್ಲ. ಹೊರಗೆ ಕೊಡೆಯ ತುದಿ ನೆಲ ಕೆರೆಯುತ್ತಿದ್ದದ್ದು ನಿಂತಿತು.

ಅವಳು ಮೊಂಡಾಟಕ್ಕೆ ಕೇಳಿರಲಿಲ್ಲ. ಮಾವ ನಂಬಿದ್ದನ್ನೇ ಕೇಳಿದ್ದಳು. ಕೈಯಲ್ಲಿ ಲಿಂಗವಿಲ್ಲದೆ ಮಗನನ್ನು ಗುಂಡಿಗೆ ಇಳಿಸುವ ಗಂಡಸಲ್ಲ ಮರುಳಸಿದ್ದಪ್ಪ. ಹಾಗೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು.

ಲಾರಿಯ ಡ್ರೈವರು ಎರಡು ಸಲ ಹಾರ್ನ್ ಬಾರಿಸಿದ. ಚಿತ್ತಯ್ಯ ಓಡಿ ಹೋಗಿ ಅವನನ್ನು ಬೈದು ಬಂದ. ಕಲ್ಲಿನ ಪೆಟ್ಟಿಗೆಗಳು, ಮಡಚುವ ಮೇಜು, ಪೆಟ್ರೋಮ್ಯಾಕ್ಸು ಎಲ್ಲ ಒಂದೊಂದಾಗಿ ಹೋದವು. ಡೇರೆಯೊಳಗೆ ಉಳಿದದ್ದು ಅವಳು ಕೂತ ಟ್ರಂಕು ಮತ್ತು ಕಂಬ. ಬಹಳ ಹೊತ್ತಿನ ಮೇಲೆ ಹೊರಗಿನಿಂದ ಒಂದು ಪ್ರಶ್ನೆ ಬಂತು. ಚಿತ್ತಯ್ಯ ಅದನ್ನು ಹಾಗೇ ತಂದ. ಕರಡಿಗೆ ಸಿಕ್ಕಿದ್ದು ಎಲ್ಲಿ ಅಂತ ಕೇಳುತ್ತಾರೆ.

ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ಬಂಡೆಯ ಮೇಲೆ ಬಟ್ಟೆಯ ಜೊತೆ ಇತ್ತು, ಆವತ್ತೊಂದೇ ದಿನ ತೆಗೆದಿಟ್ಟಿದ್ದರು ಎನ್ನಬಹುದಿತ್ತು. ಸ್ನಾನಕ್ಕೂ ಲಿಂಗ ತೆಗೆಯದ ಮನೆ ಅದು.

“ಇಲ್ಲೇ ಇತ್ತು. ಕಂಬದಲ್ಲಿ,” ಎಂದಳು. “ಈಜೋಕೆ ಹೋಗುವಾಗ ದಿನಾ ಇಲ್ಲಿ ಇಟ್ಟೇ ಹೋಗ್ತಿದ್ರು. ಬಂದು ಕಟ್ಟಿಕೊಂಡು ಪೂಜೆ ಮಾಡ್ತಿದ್ರು. ಒಂದು ಸಲ ಈಜುವಾಗ ಶಿವದಾರ ಕೊರಳಿಂದ ಜಾರಿ ಹೋಗಿತ್ತಂತೆ. ದಡದ ಹತ್ತಿರ ಇದ್ದರು, ಮುಳುಗಿ ಹುಡುಕಿ ತೆಗೆದರು. ಆವತ್ತಿನಿಂದ ಹೆದರಿಕೆ. ನೀರಲ್ಲಿ ಕಳೆದುಹೋದರೆ ಅಂತ.”

ಚಿತ್ತಯ್ಯ ಇದನ್ನು ಹೇಳಲು ತಿರುಗುವ ಮೊದಲೇ ಹೊರಗೆ ಮುದುಕರ ದನಿ ಕೇಳಿಸಿತು. ಯಾರಿಗೂ ಹೇಳಿದ್ದಲ್ಲ.

“ಕಳೆದೀತು ಅಂತ ತೆಗೆದಿಟ್ನಾ.”

ಗಾಳಿಗೆ ಬಟ್ಟೆಯ ಗೋಡೆ ಒಮ್ಮೆ ಒಳಕ್ಕೆ ಬಂದು ಒಮ್ಮೆ ಹೊರಕ್ಕೆ ಹೋಯಿತು. ಸೂರ್ಯ ಪಡುವಣದ ಗುಡ್ಡಕ್ಕೆ ಇಳಿದಿದ್ದ. ಆ ಕಡೆಯ ಕ್ಯಾನ್ವಾಸಿನ ಮೇಲೆ ಒಂದು ನೆರಳು ಎದ್ದು ನಿಂತು, ಹತ್ತಿರ ಬಂದು, ದೊಡ್ಡದಾಯಿತು. ಪೇಟದ ನೆರಳು, ಬಾಗಿದ ಬೆನ್ನಿನ ನೆರಳು. ಕೊಡೆ ಇರಲಿಲ್ಲ.

“ಮಂಗಳಾ.”

ಆ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಅವಳು ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವಳು ತಿಳಿಯದೆ ಎದ್ದು ನಿಂತಳು. ಚಿತ್ತಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ನಿಮ್ಮತ್ತೆ ಇನ್ನಾ ಅತ್ತಿಲ್ಲ,” ನೆರಳು ಹೇಳಿತು. “ದಿನಾ ರಾತ್ರಿ ಅವ್ನು ಉಣ್ಣಾ ಗಂಗಾಳ ತೊಳೆದು ಇಟ್ಕಂಡು ಕುಂತಿರ್ತಾಳೆ. ಅಳ್ತಾ ಬಂದೋರ್ನ ಹೊಸ್ಲು ದಾಟಾಕೆ ಬಿಡಲ್ಲ. ನನ್ ಸೊಸೆ ಅಲ್ಲಿ ಕಾಯ್ತಾ ಅವ್ಳೆ, ನಾನ್ ಹ್ಯಂಗೆ ಅಳ್ಲಿ ಅಂತಾಳೆ. ಅನ್ನ ಬಿಟ್ಟವ್ಳೆ. ಒಂದ್ ಹಿಡಿ ಮಣ್ಣು ಹಾಕಿದ್ರೆ ಅಳ್ತಾಳೇನೋ ಅಂತ ನಾನ್ ಬಂದೆ.”

ಅತ್ತೆ ಅನ್ನ ಬಿಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ದೂರದ ಅಡಿಗೆಮನೆಯಲ್ಲಿ ಒಬ್ಬಳು ತನ್ನನ್ನೇ ನೋಡಿಕೊಂಡು ಕೂತಿದ್ದಾಳೆ ಎಂದು ಅವಳು ಎಣಿಸಿರಲಿಲ್ಲ. ಅವಳು ಬಟ್ಟೆಯ ಗೋಡೆಯ ಹತ್ತಿರ ಹೋದಳು. ಕೇಳಬಾರದು ಅನ್ನಿಸಿದರೂ ಕೇಳಿದಳು. ಈ ಸಲ ಚಿತ್ತಯ್ಯನಿಗಲ್ಲ.

“ಅವರು ಬಂದರೆ, ಮಾವ?”

ನೆರಳಿನ ಕೈ ಮೇಲೆದ್ದು ಎದೆಯ ಹತ್ತಿರ ಹೋಯಿತು. ಅಂಗಿಯ ಒಳಗಿದ್ದದ್ದನ್ನು ಹಿಡಿದುಕೊಂಡಿತು.

“ಬಂದ್ರೆ ನಂದೈತಲ್ಲ.”

ಅವರು ಅದನ್ನು ದೊಡ್ಡ ಮಾತಿನಂತೆ ಹೇಳಲಿಲ್ಲ. ಮಗ ಪರ ಊರಿಗೆ ಹೊರಟು ಕೊಡೆ ಮರೆತಿದ್ದರೆ ತಮ್ಮದು ಕೊಡುವವರಂತೆ ಹೇಳಿದರು. ಚಿತ್ತಯ್ಯ ಬೇರೆ ದೇವರ ಒಕ್ಕಲು. ಆದರೂ ಆ ಹಿರಿಯರು ಕೊರಳಿನ ಲಿಂಗ ಬಿಚ್ಚಿ ಕೊಡುತ್ತೇನೆ ಅಂದದ್ದರ ಅರ್ಥ ಅವನಿಗೂ ತಿಳಿಯಿತು. ಅವನು ನೀರಿನ ಕಡೆ ಮುಖ ತಿರುಗಿಸಿದ.

ಸರ್ವಮಂಗಳ ಕಂಬದ ಹತ್ತಿರ ಹೋದಳು. ಶಿವದಾರ ಮೊಳೆಗೆ ಎರಡು ಸುತ್ತು ಸುತ್ತಿತ್ತು. ಅವನು ಯಾವಾಗಲೂ ಹಾಗೇ ಸುತ್ತುತ್ತಿದ್ದ. ಒಂದು ಸುತ್ತು ಬಿಡಿಸಿ ನಿಂತಳು. ಆಮೇಲೆ ಇನ್ನೊಂದನ್ನೂ ಬಿಡಿಸಿದಳು. ಕರಡಿಗೆ ತಣ್ಣಗಿತ್ತು, ಅವಳು ನೆನೆದದ್ದಕ್ಕಿಂತ ಹಗುರವಾಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬಟ್ಟೆ ದಾಟಿ ಬಂದಳು.

ಮರುಳಸಿದ್ದಪ್ಪ ಹೆಗಲ ವಸ್ತ್ರ ತೆಗೆದು ಅಂಗೈ ಮೇಲೆ ಹಾಸಿ ಚಾಚಿದರು. ಅವಳು ಇಟ್ಟಳು. ಅವರು ವಸ್ತ್ರದ ಅಂಚುಗಳನ್ನು ಒಂದೊಂದಾಗಿ ಮಡಚಿದರು, ಮಲಗಿದ ಕೂಸಿಗೆ ಹೊದಿಸುವ ಹಾಗೆ. ಗಂಟು ಹಾಕಲು ಬೆರಳು ಬರಲಿಲ್ಲ. ಅವಳೇ ಹಾಕಿದಳು. ಆಗ ಅವರು ಸೊಸೆಯ ಮುಖ ನೋಡಿದರು. ಹಣೆ ನೋಡಿದರು. ಕೈ ನೋಡಿದರು.

“ಇರ್ಲಿ,” ಎಂದರು. “ಊರು ಮುಟ್ಟಾ ತನಕ ಇರ್ಲಿ.”

ಅವರು ಗಂಟನ್ನು ಎದೆಗೆ ಹಿಡಿದುಕೊಂಡು ಲಾರಿಯ ಕಡೆ ನಡೆದರು. ಡ್ರೈವರು ಇಳಿದು ಬಂದು ಮುಂದಿನ ಸೀಟಿನ ಬಾಗಿಲು ತೆಗೆದ.

ಚಿತ್ತಯ್ಯ ಅವಳ ಮುಖ ನೋಡಿದ. ಅವಳು ಹೂಂ ಅಂದಳು. ಅವನು ಸುತ್ತಲಿನ ಗೂಟಗಳನ್ನು ಒಂದು ಕಡೆಯಿಂದ ಕೀಳುತ್ತಾ ಬಂದ. ಹಗ್ಗಗಳು ಸಡಿಲವಾದವು. ಟ್ರಂಕು ಹೊರಗಿಟ್ಟು, ಒಳಗೆ ಹೋಗಿ ನಡುಗಂಬವನ್ನು ವಾರೆ ಮಾಡಿ ಎಳೆದ. ಡೇರೆ ಒಮ್ಮೆಗೇ ಬೀಳಲಿಲ್ಲ. ಒಳಗೆ ಗಾಳಿ ಇತ್ತು. ಬಟ್ಟೆ ಉಬ್ಬಿಕೊಂಡೇ, ತಡೆದು ತಡೆದು, ಕೆಳಗಿಳಿಯಿತು.

ಉಳಿದ ಡೇರೆಗಳ ಮೇಲೆ ಅವನು ಮಧ್ಯಾಹ್ನ ಹತ್ತಿ ಓಡಾಡಿದ್ದ, ಉರುಳಿ ಮಟ್ಟ ಮಾಡಿದ್ದ. ಇದರ ಮುಂದೆ ಚಪ್ಪಲಿ ಬಿಟ್ಟು ನಿಂತ. ಕಾಲು ಎತ್ತಲಿಲ್ಲ.

“ಗಾಳಿ ಹೋಗ್ಬೇಕು ಅಮ್ಮಾರೆ,” ಎಂದ ತಪ್ಪು ಮಾಡಿದವನಂತೆ. “ಇಲ್ದಿದ್ರೆ ಮಡಿಕೆ ಕೂರಲ್ಲ.”

ಸರ್ವಮಂಗಳ ಸೆರಗು ಸಿಕ್ಕಿಸಿಕೊಂಡು ಬಟ್ಟೆಯ ಅಂಚಿನಲ್ಲಿ ಮೊಣಕಾಲೂರಿದಳು. ಎರಡೂ ಅಂಗೈಯನ್ನು ಅಗಲಿಸಿ ಒತ್ತಿದಳು. ದಿನವಿಡೀ ಬಿಸಿಲುಂಡ ಕ್ಯಾನ್ವಾಸು ಇನ್ನೂ ಬೆಚ್ಚಗಿತ್ತು. ಒಳಗಿನ ಗಾಳಿ ಬಾಗಿಲ ಸಂದಿಯಿಂದ ಮೆಲ್ಲಗೆ ಹೊರಬಂದು ಅವಳ ಮುಖಕ್ಕೆ ತಾಗಿತು. ಅವಳು ಕಣ್ಣು ಮುಚ್ಚಿಕೊಂಡು ಒತ್ತುತ್ತಾ ಹೋದಳು. ಈ ಕಡೆ ಒತ್ತಿದರೆ ಆ ಕಡೆ ಬಟ್ಟೆ ಉಬ್ಬುತ್ತಿತ್ತು. ಮೊಣಕಾಲಲ್ಲೇ ಸರಿದು ಅವಳು ಅಲ್ಲಿಗೆ ಹೋದಳು.