ಏಣಿಯ ಹಿಂದಿನ ತುದಿ

ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಅವಳು ಎದ್ದು ಬಕೆಟ್ ಇಟ್ಟಳು. ಗಂಡನನ್ನು ಮಣ್ಣು ಮಾಡಿ ಬಂದ ನೆಂಟರೆಲ್ಲ ನಿನ್ನೆ ಸಂಜೆಗೆ ಹೊರಟುಹೋಗಿದ್ದರು. ಬಾಡಿಗೆ ಕುರ್ಚಿಗಳು ಹೋಗಿದ್ದವು, ಪಕ್ಕದ ಮನೆಯವರ ಪಾತ್ರೆಗಳು ಹೋಗಿದ್ದವು. ಬಕೆಟ್ ತುಂಬಿತು. ಯಾರು ಸತ್ತರೂ ಬಕೆಟ್ ತುಂಬಲು ಅಷ್ಟೇ ಹೊತ್ತು ಹಿಡಿಯುತ್ತದೆ ಅನ್ನಿಸಿತು; ಅದೂ ಬೇರೆ ಯಾರಿಗೋ ಅನ್ನಿಸಿದ ಹಾಗೆ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅತ್ತು ಅತ್ತು ಅವರ ಮುಖ ಊದಿತ್ತು.

“ಒಂದ್ಸಲ ಬಾಯ್ಬಿಟ್ಟು ಅತ್ತುಬಿಡೇ. ನಿನ್ನ ನೋಡಿದ್ರೆ ಭಯ ಆಗುತ್ತೆ.”

“ಬರ್ತಿಲ್ಲ ಅತ್ತೆ.”

“ಹಾಲು ಉಕ್ಕಿದ್ರೆ ಅಯ್ಯೋ ಅಂತ ಓಡಿ ಬರ್ತೀಯ. ನನ್ನ ಮಗ ಹೋದ್ರೆ ಒಂದು ಹನಿ ಬರಲ್ವಾ?”

ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ ಎಂದು ಫೋನ್ ಬಂದಾಗಿನಿಂದ ಅವಳೊಳಗೆ ಎಲ್ಲ ಜೋಮು ಹಿಡಿದಂತಾಗಿತ್ತು. ಅತ್ತೆ ಅಳುವುದನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಹತ್ತಿರ ಅವನದೆಂದು ಆ ಅಳುವಾದರೂ ಉಳಿದಿತ್ತು.

“ಅಕ್ಕಾ...”

ಎದುರು ಸಾಲಿನ ಬೋರ್ಡ್ ಬರೆಯುವವನು ಗೇಟಿನಾಚೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. “ಕೇಳೋಕೇ ನಾಚಿಕೆ ಆಗುತ್ತೆ. ನಮ್ಮ ಏಣಿ... ಇವತ್ತೊಂದು ಅಂಗಡಿ ಬೋರ್ಡ್ ಬರೀಬೇಕು.”

ಏಣಿ ಹಿತ್ತಲಲ್ಲಿ ಮಲಗಿತ್ತು. ನಡುಮನೆಯ ಸೀಲಿಂಗಿಗೆ ಬಣ್ಣ ಹೊಡೆಯಲೆಂದು ಗಂಡ ಕೇಳಿ ತಂದಿದ್ದು; ಬಣ್ಣದ ಕೆಲಸ ಅರ್ಧಕ್ಕೆ ನಿಂತಿತ್ತು. ಒಬ್ಬರ ಕೈಗೆ ಬಗ್ಗುವ ಏಣಿಯಲ್ಲ. ಅವನು ಮುಂದೆ, ಇವಳು ಹಿಂದೆ ಹಿಡಿದು ಹೊತ್ತು ತಂದಿದ್ದರು. “ಗಾರ್ಡಮ್ಮ, ಬಾವುಟ ತೋರ್ಸು, ಇಂಜಿನ್ ಹೊರಡುತ್ತೆ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದ. “ಮೆಲ್ಲಗೆ, ಮಾನ ಹೋಗುತ್ತೆ” ಎಂದು ಇವಳು ಗದರಿದ್ದಳು.

“ಬನ್ನಿ, ಹಿತ್ತಲಲ್ಲಿದೆ” ಎಂದು ಅವಳು ನಡೆದಳು. ಏಣಿಯ ಹಿಂದಿನ ತುದಿಗೆ ಹೋಗಿ, ಬಗ್ಗಿ ಎತ್ತಿ ಹಿಡಿದಳು. ಮುಂದಿನ ತುದಿ ಏಳಲೆಂದು ಕಾದಳು.

ಅದು ಏಳಲಿಲ್ಲ.

ಆಗ ಬಂತು. ಜೋಮು ಹಿಡಿದ ಕಾಲಿಗೆ ರಕ್ತ ನುಗ್ಗಿದ ಹಾಗೆ, ತಾಳಲಾರದ ಹಾಗೆ. ಏಣಿಯ ಮೆಟ್ಟಿಲುಗಳೆಲ್ಲ ಕಣ್ಣಲ್ಲಿ ಕಲಸಿಹೋದವು. ಬಂದದ್ದು ಎಲ್ಲಿ ಹೋಗಿಬಿಡುತ್ತದೋ ಎಂದು ಅವಳು ಅಲುಗಾಡಲಿಲ್ಲ.

ಬೋರ್ಡಿನವನು ಗಾಬರಿಯಾಗಿ ಓಡಿ ಬಂದ. “ಬಿಡಕ್ಕಾ, ನಾನೇ ಹೆಂಗೋ ಎಳ್ಕೊಂಡು ಹೋಗ್ತೀನಿ.”

“ಬೇಡ. ಮುಂದೆ ಹಿಡ್ಕೊಳ್ಳಿ.”

ಅತ್ತೆ ಹಿತ್ತಲ ಬಾಗಿಲಿಗೆ ಬಂದು ಅವಳ ಮುಖ ನೋಡಿದರು.

ಗೇಟಿನ ತಿರುವಿನಲ್ಲಿ ಮುಂದಿದ್ದವನು ಏನೂ ಕೂಗಲಿಲ್ಲ. ಏಣಿ ಕಂಬಕ್ಕೆ ಬಡಿಯಿತು.

“ಭಾರ ಆಗ್ತಿದೆ ನಿಮಗೆ. ಬೇಗ ಬೇಗ ಹೋಗ್ಬಿಡೋಣ?”

“ನಿಧಾನ ಹೋಗಿ.”

ಬೀದಿ ಅಗಲವಿರಲಿಲ್ಲ. ಎಷ್ಟು ಸಣ್ಣ ಹೆಜ್ಜೆ ಇಟ್ಟರೂ ಮುಗಿದುಹೋಯಿತು. ಇಬ್ಬರೂ ಸೇರಿ ಏಣಿಯನ್ನು ಅವನ ಅಂಗಡಿಯ ಗೋಡೆಯ ಬುಡದಲ್ಲಿ ಇಳಿಸಿದರು. ಮೆಟ್ಟಿಲೊಂದರ ಮೇಲೆ ಸೀಲಿಂಗಿನ ಬಿಳಿ ಬಣ್ಣದ ಹನಿ ಬಿದ್ದು ಒಣಗಿತ್ತು. ಬೋರ್ಡಿನವನು ಅಭ್ಯಾಸಬಲದಿಂದ ಅದನ್ನು ಉಗುರಲ್ಲಿ ಕೆರೆದು, ಪುಡಿಯನ್ನು ಉಫ್ ಎಂದು ಊದಿದ.

ಅವಳ ಕೈಗಳು ಸೊಂಟದ ಮಟ್ಟದಲ್ಲಿ, ಏಣಿಯಷ್ಟು ಅಗಲ ಬಿಟ್ಟುಕೊಂಡು, ಹಿಡಿದ ಹಾಗೆಯೇ ಇದ್ದವು.