ರಾಚಯ್ಯ–ಮಾರಯ್ಯ ಜೋಡಿ

"ಭುಜ ಇಡೀತಾ ಇಲ್ಲ ಕಣ್ಲಾ! ಆ ಕಡೆ ಬಿದ್ರು ಬಿಚ್ಚು!"

ಯಾರೋ ಕೂಗಿದ್ದಕ್ಕೆ ಊರ ಹುಡುಗ ಅಮೃತೇಶ ಮಚ್ಚಿನಿಂದ ಕಟ್ಟು ಕತ್ತರಿಸಿ ಗಳುವನ್ನು ಒಂದು ಗೇಣು ಆಚೆಗೆ ಸರಿಸಿದ. ಚಿಕ್ಕಯ್ಯನಛತ್ರದ ರಾಚಯ್ಯ ಪೈಲ್ವಾನನನ್ನು ಕೂರಿಸಿ ಹೊತ್ತೊಯ್ಯಲು ಕಟ್ಟಿದ್ದ ಬಿದಿರಿನ ಮಂಟಪ ಅವನ ಅಗಲಕ್ಕೆ ಸಾಲದೆ, ಬೆಳಗಿನಿಂದ ಬಿಚ್ಚುತ್ತಿರುವುದು ಇದು ಎರಡನೆಯ ಸಲ. ಅರವತ್ತೈದು ದಾಟಿದ್ದರೂ ಆ ತೋಳುಗಳು ಮಾತ್ರ ವಯಸ್ಸಿನ ಮಾತು ಕೇಳಿರಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಜಗಲಿಯ ಗೋಡೆಗೆ ಒರಗಿ ಕೂತಿದ್ದ ರಾಚಯ್ಯನ ಮುಖದಲ್ಲಿ, ಆತುರವೇನೂ ಇಲ್ಲ, ನಿಧಾನಕ್ಕೇ ಕಟ್ಟಿ ಎನ್ನುವಂಥ ಕಳೆಯಿತ್ತು.

"ಬದುಕಿದ್ದಾಗ ನಂಜನಗೂಡು ಬಸ್ಸಲ್ಲೂ ಇವ್ರಿಗೆ ಎಲ್ಡು ಸೀಟು ಬೇಕಿತ್ತು," ಎಂದ ಪಕ್ಕದ ಮನೆಯ ಬೆಟ್ಟಸ್ವಾಮಿ. "ಕಂಡಕ್ಟರು ಒಂದೇ ಟಿಕೆಟ್ ಅರಿಯೋನು. ಕೇಳಕ್ಕೆ ಯಾರ್ಗೆ ಧೈರ್ಯ?"

ಶಾಮಿಯಾನದ ಕೆಳಗೆ ನಗು ಎದ್ದಿತು. ಅಳುತ್ತಿದ್ದ ಹೆಂಗಸರೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕರು.

"ಅಂಗ್ ನೋಡುದ್ರೆ ಒಬ್ಬನಿಗೆ ಮಾತ್ರ ಎದ್ರುದ್ರು," ಎಂದು ಬೆಟ್ಟಸ್ವಾಮಿ ಮುಂದುವರಿಸಿದ. "ಬೆಳ್ಳಿ ಗದೆ ಗೆದ್ದೋರು, ಮೂರು ವರ್ಸ ಬೆನ್ನಿಗೆ ಮಣ್ಣು ತಾಗಿಸ್ಕಳ್ದೆ ಇದ್ದೋರು, ಆ ನರಸೀಪುರದ ಮಾರಯ್ಯನ ಜೊತೆ ಜೋಡಿ ಕಟ್ಟುದ್ರೆ ಮನೇಲೇ ಕೂತ್ಬುಟ್ರು. ಆಮೇಲೆ ಅಖಾಡಕ್ಕೆ ಇಳೀಲೇ ಇಲ್ಲ." ಅಷ್ಟರಲ್ಲಿ ಅವನ ಕಣ್ಣು ಶಾಮಿಯಾನದ ಅಂಚಿನಲ್ಲಿ ನಿಂತಿದ್ದ ಅಪರಿಚಿತನ ಮೇಲೆ ಬಿತ್ತು. "ನೀವ್ಯಾರು ಯಜಮಾನ್ರೇ? ಯಾವೂರು?"

"ನರಸೀಪುರ," ಎಂದ ಅವನು. "ಮಾರಯ್ಯ ಅಂತ."

ತಗೊಳ್ಳಿ, ಒಂದು ಗಳಿಗೆಯಲ್ಲಿ ಸಾವಿನ ಮನೆ ಸಂಭ್ರಮದ ಮನೆಯಾಯಿತು. ಯಾರೋ ಕುರ್ಚಿ ತಂದರು, ಯಾರೋ ಕಾಫಿ ತಂದರು. "ಇವ್ರಿಗೇ ಕಣ್ರಪ್ಪ ನಮ್ ರಾಚಯ್ಯನೋರು ಎದ್ರಿದ್ದು!" ಎಂದು ಬೆಟ್ಟಸ್ವಾಮಿ ಅವನ ಕೈ ಹಿಡಿದು ಎಲ್ಲರಿಗೂ ತೋರಿಸಿದ. ಹೆದರಿದ್ದೂ ತಮ್ಮ ಊರಿನ ಹೆಗ್ಗಳಿಕೆಯೇ ಎಂಬಂತಿತ್ತು ಅವನ ದನಿ.

ಮಾರಯ್ಯ ಕಾಫಿ ಲೋಟವನ್ನು ಕುರ್ಚಿಯ ಕೆಳಗಿಟ್ಟ. ಅಂಗಿಯ ಜೇಬಿನಲ್ಲಿದ್ದ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡ. ಅದರಲ್ಲಿದ್ದುದು ನರಸೀಪುರದ ಗರಡಿಯಿಂದ ಬೆಳಿಗ್ಗೆ ಮೊಗೆದು ತಂದ ಒಂದು ಹಿಡಿ ಮಟ್ಟಿ; ಅಂದರೆ ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಅಖಾಡದ ಕೆಮ್ಮಣ್ಣು. ಕುಸ್ತಿಗೆ ಮೊದಲು ಇವನ ಹೆಗಲಿಗೆ ಅವನು, ಅವನ ಹೆಗಲಿಗೆ ಇವನು ಈ ಮಣ್ಣು ಹಾಕಬೇಕು. ಹಾಕದೆ ಹಿಡಿದರೆ ಬೆವರಿಗೆ ಕೈ ಜಾರುತ್ತದೆ. ಅದನ್ನು ಕುಸ್ತಿ ಎಂದು ಯಾವ ಉಸ್ತಾದನೂ ಒಪ್ಪುವುದಿಲ್ಲ.

ಸಾಯಂಕಾಲದೊಳಗೆ ರಾಚಯ್ಯ ಮಣ್ಣಿಗೆ ಹೋಗುತ್ತಾನೆ. ಹೆದರುಪುಕ್ಕಲ ಎಂಬ ಹೆಸರೂ ಅವನ ಜೊತೆಗೇ ಹೋಗಿ ಗಟ್ಟಿಯಾಗಿಬಿಡುತ್ತದೆ. ತಪ್ಪಿಸುವುದಕ್ಕೆ ಆಗುವುದು ಭೂಮಿಯ ಮೇಲೆ ತನ್ನೊಬ್ಬನಿಗೇ ಎಂದು ಮಾರಯ್ಯನಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ತನ್ನ ಮೂವತ್ತೆಂಟು ವರ್ಷದ ಮಾನ ಈ ಶಾಮಿಯಾನದ ಕೆಳಗೇ ಹರಾಜಾಗುತ್ತದೆ.

*

ಮೂವತ್ತೆಂಟು ವರ್ಷದ ಹಿಂದೆ ಆ ಭಾನುವಾರ ನರಸೀಪುರದಲ್ಲಿ ಜಂಗೀ ಕುಸ್ತಿ. ವಾರ ಮುಂಚೆ ಹಿರಿಯರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ತೂಕ ನೋಡಿ, ಕೈ ಎತ್ತಿಸಿ ಜೋಡಿ ಕಟ್ಟಿದ್ದರು. ಗೋಡೆಗೋಡೆಗೆ ಪೋಸ್ಟರು. ಹಾಳಾದ್ದು, ಹಿಂದಿನ ದಿನವೇ ಮಾರಯ್ಯನ ತಂಗಿಯ ಮದುವೆಯ ಬೀಗರೂಟ ಬಿತ್ತು.

"ನಾಳೆ ರಾಚಯ್ಯನ್ನ ಎತ್ತಿ ಒಗಿಯೋನು ಇಷ್ಟೇನಾ ತಿನ್ನೋದು?" ಎಂದು ಬೀಗರು ಕೆಣಕಿದರು. ಸಾಕಿತ್ತು. ಮಾರಯ್ಯ ಆರು ಮುದ್ದೆ ಇಳಿಸಿದ. ಕುರಿ ಕರುಳಿನ ಬೋಟಿ ಗೊಜ್ಜಿಗೆ ಲೆಕ್ಕವೇ ಇಲ್ಲ.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅವನು ಚೊಂಬು ಹಿಡಿದು ಕಬ್ಬಿನ ಗದ್ದೆ ಸೇರಿದ. ಮನೆಗೂ ಗದ್ದೆಗೂ ನಡೆದು ಕಾಲಿನ ಬಲವೇ ಉಡುಗಿಹೋಯಿತು. ಪೈಲ್ವಾನ ಬೋಟಿಗೆ ಸೋತ ಎಂದು ಯಾರ ಮುಂದೆ ಹೇಳುವುದು? ಕೊನೆಗೆ ತಂಗಿಯ ಕೈಹಿಡಿದ ಹೊಸ ಭಾವಮೈದುನ ಕರಿಯಯ್ಯನನ್ನು ಮೊದಲ ಬಸ್ಸಿಗೆ ಹತ್ತಿಸಿದ. "ಅಖಾಡ ನೆಂದದೆ, ಕುಸ್ತಿ ಮುಂದಕ್ಕೆ ಓಯ್ತು ಅಂತ ರಾಚಯ್ಯಂಗೆ ಏಳ್ಬುಟ್ಟು ಬಾ." ಊರ ಹಿರಿಯರಿಗೂ ಹೀಗೇ ಏನಾದರೊಂದು ಹೇಳಿದರಾಯಿತು ಎಂದುಕೊಂಡ. ಹೇಳುವ ಮೊದಲೇ ನಾಲ್ಕು ಗಂಟೆಗೆ ತಮಟೆ ಬಾರಿಸಿಕೊಂಡು ಜನ ಬಾಗಿಲಿಗೆ ಬಂದರು. ಹೆಗಲ ಮೇಲೆ ಕೂರಿಸಿ ಎತ್ತಿಕೊಂಡೇ ಹೋದರು.

ಅಖಾಡದ ನಡುವೆ, ಎದುರಾಳಿಯ ಹೆಗಲಿಗೆ ಹಾಕುವ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಹೊಟ್ಟೆ ಬಿಗಿಹಿಡಿದು ಅವನೊಬ್ಬನೇ ನಿಂತ. ಮೂರು ಸಲ ಮೈಕಿನಲ್ಲಿ ರಾಚಯ್ಯನ ಹೆಸರು ಕೂಗಿದರು. ಆಮೇಲೆ ಮಾರಯ್ಯ ಗೆದ್ದನೆಂದು ಹಾರ ಹಾಕಿದರು. ಹಾರ ಹಾಕಿಸಿಕೊಂಡವನೇ ಅವನು ಗದ್ದೆಯ ಕಡೆ ಓಡಿದ್ದನ್ನು ಜನ ವಿನಯ ಎಂದುಕೊಂಡರು.

ಆ ಗೆಲುವಿನ ಹೆಸರಿನಲ್ಲೇ ಅವನಿಗೆ ಕಾಲೇಜೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು, ಹೆಣ್ಣೂ ಸಿಕ್ಕಿತು. ರಾಚಯ್ಯ ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಹೆದರುತ್ತಲೇ ವರ್ಷಗಳು ಕಳೆದವು. ರಾಚಯ್ಯ ಹೇಳಲಿಲ್ಲ. "ಮಾರಯ್ಯನ ಜೊತೆ ಮುಗುದ್ಮೇಲೇ ಬೇರೇರ ಜೊತೆ" ಎಂದು ಕೂತುಬಿಟ್ಟನಂತೆ. ಹಿರಿಯರು ಮತ್ತೆ ಜೋಡಿ ಕಟ್ಟಲು ಬಂದಾಗಲೆಲ್ಲ ಮಾರಯ್ಯ ಮೊಣಕಾಲು ನೋವು ಎನ್ನುತ್ತಿದ್ದ. ಕರಿಯಯ್ಯನೂ ತೀರಿಹೋದ.

*

ಮನೆಯ ಹಿಂದಿನ ಹೊಲದಲ್ಲಿ ಗುಣಿ ತೋಡಿದ್ದರು. ರಾಚಯ್ಯನನ್ನು ಅದರೊಳಗೆ ಪದ್ಮಾಸನ ಹಾಕಿಸಿ ಕೂರಿಸಿದರು. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು.

"ನರಸೀಪುರದೋರೂ ಎಲ್ಡು ಮಾತಾಡ್ಲಿ," ಎಂದ ಬೆಟ್ಟಸ್ವಾಮಿ.

ಮಾರಯ್ಯ ಗುಣಿಯ ಅಂಚಿಗೆ ಬಂದ. ಜೇಬಿನ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದ, ಥೇಟು ಆ ಭಾನುವಾರದಂತೆಯೇ.

"ರಾಚಯ್ಯ ಎದ್ರಿ ಕೂತಿರ್ಲಿಲ್ಲ," ಎಂದ. "ಕುಸ್ತಿ ಮುಂದಕ್ಕೆ ಓಗದೆ ಅಂತ ನಾನೇ ಸುಳ್ಳು ಏಳಿ ಕಳ್ಸಿದ್ದೆ."

"ಯಾಕ್ ಸಾ?" ಎಂದ ಅಮೃತೇಶ.

"ಬೋಟಿ ತಿಂದಿದ್ದೆ ಕಣಪ್ಪ. ಒಟ್ಟೆ ಕೆಟ್ಟೋಗಿತ್ತು. ಬೆಳಗ್ಗಿಂದ ಕಬ್ಬಿನ ಗದ್ದೇಲೇ ಇದ್ದೆ."

ಅಮೃತೇಶ ತುಟಿ ಕಚ್ಚಿ ತಡೆದ, ಆಗಲಿಲ್ಲ. ಅವನು ಪಕ್ಕನೆ ನಕ್ಕಿದ್ದೇ ತಡ, ಗುಣಿಯ ಸುತ್ತ ನಿಂತ ನೂರು ಜನವೂ ಹೊಟ್ಟೆ ಹಿಡಿದುಕೊಂಡರು. ಬೆಟ್ಟಸ್ವಾಮಿಯ ಮುಖ ಮಾತ್ರ ಸಪ್ಪಗಾಯಿತು. ಇಷ್ಟು ವರ್ಷ ಹೇಳಿಕೊಂಡು ಬಂದ ಕತೆ ಕೈಬಿಟ್ಟುಹೋಗಿತ್ತು. ಮಾರಯ್ಯ ತಲೆ ತಗ್ಗಿಸಿ ನಿಂತ. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಎದೆ ಮಾತ್ರ ಹಗುರಾಗಿತ್ತು.

"ನಂಗೆ ಗೊತ್ತಿತ್ತು ಕಣ ಮಾರಣ್ಣ."

ರಾಚಯ್ಯನ ಹೆಂಡತಿ ಮಲ್ಲಾಜಮ್ಮ. ನಗು ಥಟ್ಟನೆ ನಿಂತಿತು.

"ನಿನ್ ಬಾಮೈದ ಬಂದು ಮಜ್ಜಿಗೆ ಕುಡ್ದು, ಅಖಾಡ ನೆಂದದೆ ಅಂದ. ಮಳೇನೇ ಇಲ್ವಲ್ಲಪ್ಪ ಅಂದ್ರೆ ಎಲ್ಲಾನೂ ಕಕ್ಬುಟ್ಟ. ಇವ್ರು ಬಿದ್ದು ಬಿದ್ದು ನಕ್ರು. ಒಟ್ಟೆ ಕೆಟ್ಟೋನ್ನ ಕೆಡವುದ್ರೆ ಅದೇನು ಗೆಲುವು, ಅವ್ನು ಸುಧಾರಿಸ್ಕಳ್ಳಿ ಅಂದ್ರು. ನಮ್ಗೆ ಮದ್ವೆಯಾಗಿ ಇಪ್ಪತ್ತು ದಿನ. ಒಬ್ಬಟ್ಟು ಮಾಡ್ಸಿಕೊಂಡು ತಿಂದು ಆಯಾಗಿ ಮನೇಲಿದ್ರು."

"ಮತ್ತೆ ಯಾರಿಗೂ ಯಾಕೆ ಏಳ್ಲಿಲ್ಲ ತಾಯಿ?" ಎಂದ ಮಾರಯ್ಯ.

"ಒಬ್ಬ ಪೈಲ್ವಾನನ ಒಟ್ಟೆ ಇಸ್ಯ ಊರ್ಗೆಲ್ಲ ಸಾರಕ್ಕಾಯ್ತದಾ ಅನ್ನೋರು." ಆಕೆ ಗುಣಿಯೊಳಗಿನ ಗಂಡನನ್ನು ನೋಡಿದಳು. "ಆದ್ರೆ ಒಂದತ್ತು ವರ್ಸ ಕಾದ್ರು ಮಾರಣ್ಣ. ದಿನಾ ಬೆಳಗಾನ ಎದ್ದು ದಂಡ ಒಡೆಯೋರು. ಈ ಸಲ ಮಾರಯ್ಯ ಕರೀತಾನೆ ನೋಡು ಅನ್ನೋರು. ನೀನು ಕರೀಲಿಲ್ಲ."

ಮಾರಯ್ಯನಿಗೆ ಅಳು ಒತ್ತರಿಸಿ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಚಪ್ಪಲಿ ಬಿಟ್ಟು, ಅಮೃತೇಶನ ಕೈ ಹಿಡಿದು ಮೆಲ್ಲಗೆ ಗುಣಿಗೆ ಇಳಿದ. ಪೊಟ್ಟಣ ಬಿಚ್ಚಿ, ರಾಚಯ್ಯನ ಬಲಹೆಗಲಿಗೆ ಅರ್ಧ ಮಟ್ಟಿ ಹಾಕಿ ಉಜ್ಜಿದ. ಎಡಹೆಗಲಿಗೂ ಹಾಕಿದ. ಪೊಟ್ಟಣದ ತಳದಲ್ಲಿ ಒಂದಿಷ್ಟು ಉಳಿಯಿತು. ಮೇಲೆ ಹತ್ತಿ ಬಂದವನು ಹೋಗಲಿಲ್ಲ. ಗುಣಿಗೆ ಎದುರಾಗಿ ಮೊಣಕಾಲು ಬಗ್ಗಿಸಿ, ಹೆಗಲು ಮುಂದೆ ಚಾಚಿ ನಿಂತ. ಅಖಾಡದಲ್ಲಿ ಎದುರಾಳಿಯ ಕೈ ಬರುವವರೆಗೆ ಪೈಲ್ವಾನರು ನಿಲ್ಲುವುದೇ ಹಾಗೆ.

ಹೂವು ಹಿಡಿದಿದ್ದವರು ದಾರಿ ಬಿಟ್ಟರು. ಮಲ್ಲಾಜಮ್ಮ ಮುಂದೆ ಬಂದು ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡಳು. ಉಳಿದಿದ್ದಷ್ಟನ್ನೂ ಮೊಗೆದು ಅವನ ಬಿಳಿ ಅಂಗಿಯ ಹೆಗಲಿಗೆ ಹಾಕಿ, ಅಂಗೈಯಿಂದ ಒಮ್ಮೆ ಬಲವಾಗಿ ತಟ್ಟಿದಳು.

"ಊ, ಇಬ್ರೂ ಕುಸ್ತಿ ಇಡ್ಕಳಿ ಇನ್ನ," ಎಂದಳು.

ಬೆಟ್ಟಸ್ವಾಮಿ ತಡೆಯಲಾರದೆ ಶಿಳ್ಳೆ ಹಾಕಿದ. ಗುದ್ದಲಿ ಹಿಡಿದವರು ಮಣ್ಣು ಎಳೆಯಲು ಶುರುಮಾಡಿದರು.

ಸಂಜೆ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದ ಮಾರಯ್ಯನಿಗೆ ಕಿಟಕಿಯ ಸೀಟೇ ಸಿಕ್ಕಿತು. ಸುತ್ತೂರು ದಾಟುವಾಗ ಗಾಳಿ ಜೋರಾಯಿತು. ಪಕ್ಕದವನು, "ಅಂಗಿ ಎಲ್ಲ ಮಣ್ಣಾಗದೆ, ಕೊಡವ್ಕಳಿ ಯಜಮಾನ್ರೇ," ಎಂದ. ಮಾರಯ್ಯ ಕಿಟಕಿಯ ಗಾಜು ಎಳೆದುಕೊಂಡು, ಹೆಗಲ ಮೇಲೆ ಅಂಗೈ ಅಡ್ಡ ಇಟ್ಟು ಕೂತ.