ಕಣಜದ ಗೂಬೆಯ ಕಿವಿ

ಗೂಬೆಯ ಕೆನ್ನೆಯ ಮೇಲಿದ್ದ ಗರಿಯ ಮುಚ್ಚಳ ಎರಡನ್ನೂ ತೆರೆದು, ಎಡಗಿವಿಗೊಂದು ಬಲಗಿವಿಗೊಂದು ಬೆರಳು ತೂರಿಸಿ, ತಂಗಿಯ ಮಗಳು ಹಾಗೇ ನಿಂತುಬಿಟ್ಟಳು.

"ಏನೇ, ಕಚ್ಚಿತಾ?" ಅಂದಳು ದೊಡ್ಡಮ್ಮ, ಕೈಗೆ ಮೆತ್ತಿದ್ದ ಅಂಟನ್ನು ಚಿಂದಿಬಟ್ಟೆಯಲ್ಲಿ ಉಜ್ಜಿಕೊಳ್ಳುತ್ತ.

"ಇಲ್ಲ ದೊಡ್ಡಮ್ಮ." ಅವಳು ಬೆರಳು ತೆಗೆದು ಮುಚ್ಚಳ ಹಾಕಿದಳು. ಗರಿಗಳನ್ನು ಒಂದೆರಡು ಸಲ ಸುಮ್ಮನೆ ಸವರಿದಳು. "ಮುಖ ಎಷ್ಟು ಮುದ್ದಾಗಿ ಬಂದಿದೆ ನೋಡಿ."

"ಮುದ್ದಾಗಿರೋದಕ್ಕೆ ಇದೇನು ಆಟದ ಬೊಂಬೆಯಾ? ಸರಿಯಾಗಿದೆಯಾ ಹೇಳು."

"ಸರಿಯಾಗಿದೆ."

ಅಷ್ಟು ಕೇಳಿಸಿಕೊಂಡಿದ್ದೇ ದೊಡ್ಡಮ್ಮ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಸೊಂಟ ಬಿದ್ದುಹೋಗಿತ್ತು. ಕೊಡದ ಗಾತ್ರದ ತಲೆ, ಒಂದೊಂದು ಗರಿಯನ್ನೂ ಚಿಮಟದಲ್ಲಿ ಹಿಡಿದು ಕೂರಿಸಿದ್ದು. ಕಣ್ಣು ಕಾಣದವರೂ ಮುಟ್ಟಿ ತಿಳಿಯಲಿ ಅಂತಲೇ ಅಷ್ಟು ದೊಡ್ಡದು ಮಾಡಿಸಿದ್ದರು.

ಪ್ರಾಣಿಗಳ ವಸ್ತುಸಂಗ್ರಹಾಲಯದ ಹಿಂಬದಿಯ ಆ ಕಾರ್ಯಾಗಾರದಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಅಂತಲೇ ಕರೆಯುವುದು; ಅವಳಿಗಿಂತ ಹಿರಿಯನಾದ ಬಡಗಿ ಕೂಡ. ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿ ಜೀವ ಬಂದ ಹಾಗೆ ನಿಲ್ಲಿಸುವುದು, ಮಣ್ಣಿನಲ್ಲೋ ಪ್ಲಾಸ್ಟರಿನಲ್ಲೋ ಮಾದರಿ ಮಾಡುವುದು ಅವಳ ಕಸುಬು. ತಂಗಿಯ ಮಗಳಿಗೆ ಕೆಲಸ ಕಲಿಸಿದವಳೂ ಅವಳೇ. ಈಗ ಆ ಮಗಳೇ ಕಾರ್ಯಾಗಾರದ ಮುಖ್ಯಸ್ಥೆ. ನನಗೇನೂ ಹೊಟ್ಟೆಕಿಚ್ಚಿಲ್ಲಪ್ಪ ಅಂತ ದೊಡ್ಡಮ್ಮ ಕೇಳದವರಿಗೂ ಹೇಳಿಕೊಂಡು ಓಡಾಡುತ್ತಿದ್ದಳು.

ನಿವೃತ್ತಿಯ ವಯಸ್ಸು ಎಂದೋ ದಾಟಿತ್ತು. ವರ್ಷ ವರ್ಷವೂ ಸಾಹೇಬರ ಮುಂದೆ ನಿಂತು 'ಇನ್ನೊಂದು ವರ್ಷ ಇರಿ' ಅನ್ನಿಸಿಕೊಳ್ಳಬೇಕು. ಈ ಸಲ ಅವರು, "ಗೂಬೆ ತಲೆ ಆಗಲಿ, ಆಮೇಲೆ ನೋಡೋಣ" ಅಂದಿದ್ದರು. 'ಮನೇಲಿ ಆರಾಮಾಗಿರಿ' ಅನ್ನುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಏನಿದೆ ಮಣ್ಣು? ಒಂದು ಮಂಚ, ಒಂದು ಟೀವಿ, ಟೀವಿ ಮುಂದೆ ತೂಕಡಿಸುವ ಗಂಡ. ಕೆಲಸ ಹೋದ ಮರುದಿನದಿಂದ ಆ ಸೋಫಾದ ಮೇಲೆ ತೂಕಡಿಸುವ ತಲೆ ಎರಡಾಗುತ್ತವೆ, ಅಷ್ಟೇ.

ಕಣಜದ ಗೂಬೆಯೆಂದರೆ ದೊಡ್ಡಮ್ಮನಿಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ. ಆ ಬಿಳೀ ತಟ್ಟೆಮುಖ ಅಂದಕ್ಕೆ ಇರುವುದಲ್ಲ. ಕೇಳಿಸದವರು ಕಿವಿಯ ಹಿಂದೆ ಅಂಗೈ ಹಿಡಿಯುವುದಿಲ್ಲವೇ, ಹಾಗೆ ಇಡೀ ಮುಖವೇ ಸದ್ದನ್ನು ಬಳಿದು ಕಿವಿಗೆ ಹಾಕುತ್ತದೆ. ಕಿವಿಗಳೋ, ಗರಿಗಳ ಹಿಂದೆ ಅಡಗಿದ ಎರಡು ತೂತು. ಎಡಗಡೆಯದು ಮೇಲೆ, ಬಲಗಡೆಯದು ಕೆಳಗೆ. ಸದ್ದು ಕೆಳಗಿನಿಂದ ಬಂದರೆ ಎಡಗಿವಿಗೆ ಜೋರು, ಮೇಲಿನಿಂದ ಬಂದರೆ ಬಲಗಿವಿಗೆ ಜೋರು. ಗವ್ವೆನ್ನುವ ಕತ್ತಲಲ್ಲಿ ಹುಲ್ಲಿನಡಿ ಇಲಿಯೊಂದು ಕಾಲು ಕದಲಿಸಿದರೆ ಸಾಕು, ಗೂಬೆ ನೆಟ್ಟಗೆ ಅದರ ಬೆನ್ನ ಮೇಲೇ ಇಳಿಯುತ್ತದೆ. ಕಿವಿ ಎರಡೂ ಸಮ ಇದ್ದರೆ? ಇಲಿ ಇದೆಯೆಂದು ಗೊತ್ತಾದೀತು, ಎಡಕ್ಕೋ ಬಲಕ್ಕೋ ಅನ್ನುವುದೂ ಗೊತ್ತಾದೀತು. ಎಷ್ಟು ಕೆಳಗೆ ಅನ್ನುವುದು ಮಾತ್ರ ಹತ್ತುವುದಿಲ್ಲ. ಮೂತಿ ನೆಲಕ್ಕೆ ಬಡಿದುಕೊಂಡು ಉಪವಾಸ ಸಾಯಬೇಕು.

ಆದರೆ ಕಾರ್ಯಾಗಾರದ ಪದ್ಧತಿ ಬೇರೆ. ನರಿಯಿರಲಿ ಹದ್ದಿರಲಿ, ಒಂದು ಪಕ್ಕವನ್ನು ತಿದ್ದಿ ತೀಡಿ ಮುಗಿಸಿ, ಕೈವಾರದಲ್ಲಿ ಅಳತೆ ತೆಗೆದು ಇನ್ನೊಂದು ಪಕ್ಕಕ್ಕೆ ಇಳಿಸುತ್ತಾರೆ. ಅವರು ಮಾಡುವ ಪ್ರಾಣಿಗಳಿಗೆಲ್ಲ ಅದು ನಡೆಯುತ್ತದೆ, ಈ ಗೂಬೆಯ ಕಿವಿಗೆ ನಡೆಯುವುದಿಲ್ಲ. ಕಲಿಯುವ ಕಾಲದಲ್ಲಿ ತಂಗಿಯ ಮಗಳು ಕೈವಾರ ಹಿಡಿದು ಎರಡನ್ನೂ ಸಮ ಕೂರಿಸಿದ್ದಳು. ದೊಡ್ಡಮ್ಮ ಎಲ್ಲರ ಎದುರಿಗೇ ಸುತ್ತಿಗೆ ಕೊಟ್ಟು, "ಒಡಿ" ಅಂದಿದ್ದಳು. ಹುಡುಗಿ ಅಳುತ್ತ ಒಡೆದಳು. ಮತ್ತೆ ಮಾಡಿದ್ದು ಕೂದಲೆಳೆಯಷ್ಟು ತಪ್ಪಿತು, ಅದನ್ನೂ ಒಡೆಸಿದಳು.

"ಅವಳೇನು ನಿನ್ನ ಸೊಸೆಯಾ, ಹೀಗೆ ಗೋಳು ಹುಯ್ಕೊಳ್ಳೋಕೆ?" ಅಂತ ಬಡಗಿಯೇ ಬೈದಿದ್ದ.

"ಯಾರೋ ಆಗಿದ್ರೆ ಚೆನ್ನಾಗಿದೆ ಅಂತ ಹೇಳಿ ಕಳಿಸ್ತಿದ್ದೆ. ನನ್ನವಳು, ಅದಕ್ಕೇ ಒಡೆಸ್ತೀನಿ" ಅಂದಿದ್ದಳು ದೊಡ್ಡಮ್ಮ.

ಗೂಬೆಯ ತಲೆ ಇಟ್ಟ ಹೊಸ ಕೋಣೆ ತೆರೆದ ದಿನ ಬೆಳಗ್ಗೆಯೇ ಜನ ತುಂಬಿದ್ದರು. ದೊಡ್ಡಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಯಾರಿಗೂ ಸಂಬಂಧವಿಲ್ಲದವಳ ಹಾಗೆ ಗೋಡೆಗೊರಗಿ ನಿಂತಳು. ತಂಗಿಯ ಮಗಳು ಗೂಬೆಯ ಪಕ್ಕ ನಿಂತು ವಿವರಿಸುತ್ತಿದ್ದಳು. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗರಿ ಇರುತ್ತದೆ, ಅದಕ್ಕೇ ಹಾರಿದರೆ ಸದ್ದಾಗುವುದಿಲ್ಲ. ಇಲಿಯನ್ನು ಇಡಿಯಾಗಿ ನುಂಗಿ, ಆಮೇಲೆ ಎಲುಬು ಕೂದಲನ್ನೆಲ್ಲ ಉಂಡೆ ಕಟ್ಟಿ ಉಗುಳುತ್ತದೆ. ಜನ 'ಥೂ' ಅಂತ ನಕ್ಕರು.

"ಇನ್ನೊಂದು ವಿಶೇಷ. ಇದಕ್ಕೆ ವಯಸ್ಸಾದ್ರೂ ಕಿವಿ ಮಂದ ಆಗಲ್ಲ. ಮುದಿ ಗೂಬೆಗೂ ಮರಿ ಗೂಬೆಯಷ್ಟೇ ಚೆನ್ನಾಗಿ ಕೇಳಿಸುತ್ತೆ."

"ಅಯ್ಯೋ, ನಮ್ಮತ್ತೆ ಗೂಬೆಯಾಗಿ ಹುಟ್ಟಬಾರದಿತ್ತಾ!" ಅಂದಳು ಒಬ್ಬಳು. ಎಲ್ಲರೂ ಗೊಳ್ಳೆಂದರು.

ಈಗ ಬರುತ್ತದೆ ಕಿವಿಯ ಮಾತು, ಈಗ ಮುಚ್ಚಳ ತೆರೆಯುತ್ತಾಳೆ ಅಂತ ದೊಡ್ಡಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ತಂಗಿಯ ಮಗಳು, "ಬನ್ನಿ, ಮುಂದೆ ಬಾವಲಿ ಇದೆ" ಅಂದುಬಿಟ್ಟಳು.

ಇದೆಂಥ ಕತೆ! ಮದುವೆಗೆ ಕರೆದು ಮದುಮಗಳನ್ನೇ ತೋರಿಸದ ಹಾಗೆ. ದೊಡ್ಡಮ್ಮ ಜನರ ನಡುವೆ ನುಗ್ಗಿದಳು. "ಸ್ವಲ್ಪ ನಿಲ್ಲಿ, ಸ್ವಲ್ಪ ನಿಲ್ಲಿ. ಮುಖ್ಯವಾದದ್ದನ್ನೇ ಮರೆತಳು ಇವಳು."

"ದೊಡ್ಡಮ್ಮ, ಬೇಡ. ಹೊತ್ತಾಗುತ್ತೆ."

"ಏನು ಹೊತ್ತಾಗೋದು? ನೋಡಿ, ಇದರ ಕಿವಿ ನಮ್ಮ ಹಾಗಲ್ಲ. ಒಂದು ಮೇಲೆ, ಒಂದು ಕೆಳಗೆ. ಯಾರಾದ್ರೂ ಬಂದು ಮುಟ್ಟಿ ನೋಡಿ!" ಅಂತ ಮುಚ್ಚಳ ಎರಡನ್ನೂ ತೆರೆದಳು.

ಬಿಳಿಕೋಲು ಹಿಡಿದ ಒಬ್ಬರು ಮುಂದೆ ಬಂದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಗಳಿಂದ ಗೂಬೆಯ ಕೊಕ್ಕು ಸವರಿ, ಅಲ್ಲಿಂದ ಕಣ್ಣು, ಕಣ್ಣಿನಿಂದ ಕಿವಿಗೆ ಬಂದರು. ಮತ್ತೊಮ್ಮೆ ಕೊಕ್ಕಿನಿಂದ ಹೊರಟು ಅಲ್ಲಿಗೇ ಬಂದರು.

"ಸಮಾನೇ ಇದೆಯಲ್ಲಮ್ಮ."

"ಇಲ್ಲ, ಸರಿಯಾಗಿ ಮುಟ್ಟಿ."

"ಸರಿಯಾಗೇ ಮುಟ್ಟಿದೆ. ಎರಡೂ ಒಂದೇ ಎತ್ತರ. ನನ್ನ ಕೈ ಸುಳ್ಳು ಹೇಳಲ್ಲಮ್ಮ."

ದೊಡ್ಡಮ್ಮ ತಾನೇ ಬೆರಳಿಟ್ಟಳು. ಎಡಕ್ಕೆ ಒಂದು, ಬಲಕ್ಕೆ ಒಂದು. ಬೆರಳೆರಡೂ ಒಂದೇ ಎತ್ತರದಲ್ಲಿ ನಿಂತವು. ಕೈವಾರ ಹಿಡಿದ ನೆನಪೂ ಅವಳಿಗಿರಲಿಲ್ಲ. ಜೀವಮಾನವೆಲ್ಲ ಪಳಗಿದ ಕೈ, ಅವಳನ್ನು ಕೇಳದೆ ತನ್ನ ಪಾಡಿಗೆ ತಾನು ಅಳೆದು ಇಳಿಸಿಬಿಟ್ಟಿತ್ತು.

"ಅದು ಹಾಗಲ್ಲ, ಮಾದರಿ ದೊಡ್ಡದಲ್ವಾ, ನಾವೇ ಸ್ವಲ್ಪ ಸರಳ ಮಾಡಿದ್ವಿ," ಅಂದಳು ತಂಗಿಯ ಮಗಳು, ನಗುನಗುತ್ತ. "ಬನ್ನಿ, ಬಾವಲಿ ನೋಡೋಣ." ಜನ ಬಾವಲಿಯ ಕಡೆ ಹೋದರು.

ದೊಡ್ಡಮ್ಮ ಕಾರ್ಯಾಗಾರಕ್ಕೆ ಬಂದವಳೇ ಬಡಗಿಯ ಮುಂದೆ ನಿಂತಳು. "ಮುಚ್ಚಳಕ್ಕೆ ಕೀಲು ಹೊಡೆದವನು ನೀನು. ನಿನಗೂ ಗೊತ್ತಿತ್ತು."

"ನನ್ನ ಮೇಲೆ ಗೂಬೆ ಕೂರಿಸಬೇಡ," ಅಂದ ಬಡಗಿ, ತಲೆ ಎತ್ತದೆ. "ಕೀಲು ಎರಡೂ ಸಮ ಬಂದಿದೆಯಲ್ಲ ಅಂತ ಆಮೇಲೆ ನಿನ್ನ ಮಗಳನ್ನ ಕೇಳಿದೆ. ಸುಮ್ನಿರಿ ಅಂದಳು. ಹೋಗ್ಲಿ ಬಿಡು, ಆನೆಯಂಥದೂ ಮುಗ್ಗರಿಸುತ್ತೆ."

ಆ ಗಾದೆ ಕೇಳಿ ಅವನ ಉಳಿಯನ್ನೇ ಕಿತ್ತು ಎಸೆಯಬೇಕು ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ತಂಗಿಯ ಮಗಳು ಒಳಗೆ ಬಂದಳು.

"ಅವತ್ತು ಬೆರಳು ಹಾಕಿದಾಗಲೇ ಗೊತ್ತಾಯ್ತು, ಅಲ್ವಾ?"

"ಹೂಂ."

"ಸರಿಯಾಗಿದೆ ಅಂದೆಯಲ್ಲೇ."

"ಅಷ್ಟು ಕಷ್ಟಪಟ್ಟು ಮಾಡಿದ್ರಿ ದೊಡ್ಡಮ್ಮ. ಹೇಗೆ ಹೇಳಲಿ?"

"ನಾನು ಹೇಗೆ ಹೇಳಿದೆನೋ ಹಾಗೆ! ಆ ಸುತ್ತಿಗೆ ಇದೆಯಲ್ಲ, ಅದನ್ನ ಕೈಗೆ ಕೊಟ್ಟು ಒಡಿ ಅನ್ನೋಕೆ ಏನಾಗಿತ್ತು ನಿನಗೆ? ಈಗಲಾದ್ರೂ ಕೊಡು. ನಾಳೆ ಒಡೆದು ಹೊಸದು ಮಾಡ್ತೀನಿ."

ತಂಗಿಯ ಮಗಳು ಸುತ್ತಿಗೆಯನ್ನು ನೋಡಲಿಲ್ಲ. ದೊಡ್ಡಮ್ಮನ ಕೈಗಳನ್ನು ನೋಡಿದಳು. ಆಮೇಲೆ ಮಕ್ಕಳಿಗೆ ಹೇಳುವ ದನಿಯಲ್ಲಿ, "ಬೇಡ ಬಿಡಿ, ಯಾರಿಗೂ ಗೊತ್ತಾಗಲ್ಲ. ನಾನು ಸಾಹೇಬರ ಹತ್ತಿರ ಮಾತಾಡಿದೀನಿ. ಇನ್ನೊಂದು ವರ್ಷ ಇರಲಿ ಅಂದ್ರು. ಖುಷಿ ತಾನೇ?" ಅಂದಳು.

ಬೇಡಿದ್ದು ಸಿಕ್ಕಿತು. ದೊಡ್ಡಮ್ಮನಿಗೆ ಆ ಹೊತ್ತು ತಂಗಿಯ ಮಗಳು ಕೆನ್ನೆಗೆ ಒಂದು ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಒಡೆಸುವಷ್ಟು 'ನನ್ನವಳಾಗಿ' ತಾನು ಅವಳಿಗೆ ಉಳಿದಿರಲಿಲ್ಲ. "ಖುಷಿ" ಅಂದಳು.

ಮರುದಿನ ಅವಳು ಬರುವ ಹೊತ್ತಿಗೆ ಕಿಟಕಿ ಪಕ್ಕದ ಅವಳ ಮೇಜಿನ ಮೇಲೆ ಮಣ್ಣಿರಲಿಲ್ಲ, ಕೈವಾರವೂ ಇರಲಿಲ್ಲ. ಹಕ್ಕಿಗಳಿಗೆ ಹಾಕುವ ಗಾಜಿನ ಕಣ್ಣುಗಳ ಡಬ್ಬಿಯೊಂದಿತ್ತು, ಪಕ್ಕದಲ್ಲಿ ಮನೆಮನೆಯಾಗಿ ಭಾಗ ಮಾಡಿದ ಮರದ ತಟ್ಟೆ. ಬಣ್ಣ ನೋಡಿ ಬೇರೆ ಮಾಡಿ ಇಡಬೇಕು. ಕಲಿಯಲು ಬಂದ ಹೊಸತರಲ್ಲಿ ತಂಗಿಯ ಮಗಳಿಗೆ ಅವಳು ಕೊಟ್ಟಿದ್ದ ಕೆಲಸ.

ದೊಡ್ಡಮ್ಮ ಕೂತು ಕಣ್ಣುಗಳನ್ನು ಬೇರೆ ಮಾಡಿದಳು. ಪಾರಿವಾಳದ ಕೆಂಪು ಕಣ್ಣಿಗೆ ಒಂದು ಮನೆ, ಕಾಗೆಯ ಕಪ್ಪು ಕಣ್ಣಿಗೆ ಒಂದು ಮನೆ. ಎಲ್ಲ ಮುಗಿದ ಮೇಲೆ, ಕಾಗೆಯ ಕಣ್ಣೊಂದನ್ನು ತೆಗೆದು ಬೇಕೆಂದೇ ಕೆಂಪು ಕಣ್ಣುಗಳ ನಡುವೆ ಇಟ್ಟಳು. ಇಟ್ಟು, ಕೈಕಟ್ಟಿ ಕಾದಳು.

ತಂಗಿಯ ಮಗಳು ಬಂದಳು. ಬಗ್ಗಿ ತಟ್ಟೆಯನ್ನು ನೋಡಿದಳು.

"ಚೆನ್ನಾಗಿದೆ ದೊಡ್ಡಮ್ಮ" ಅಂದಳು. ಹೋಗುತ್ತ ಹೋಗುತ್ತ, ಎರಡೇ ಬೆರಳಲ್ಲಿ, ಆ ಕಪ್ಪು ಕಣ್ಣನ್ನು ಎತ್ತಿ ಅದರ ಮನೆಗೆ ಹಾಕಿದಳು.